ಹಾಜರಿ ಪುಸ್ತಕದಲ್ಲಿ ಒಂದು ಹೆಸರು

(ವಿರೂಪಾಪುರಗಡ್ಡೆಯಲ್ಲಿ 2025ರ ನವೆಂಬರ್ ತಿಂಗಳಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



2021ರ ಪದ್ಮಶ್ರೀ ಪುರಸ್ಕೃತರ ಪಟ್ಟಿಯಲ್ಲಿ ಕರ್ನಾಟಕದ ಒಂದು ಹೆಸರು ‘ಮಾತಾ ಬಿ. ಮಂಜಮ್ಮ ಜೋಗತಿ’ ಎಂದಿತ್ತು. ಬಳ್ಳಾರಿ ಸೀಮೆಯ ಕಲ್ಲುಕಂಬದ ಮನೆಯೊಂದರಲ್ಲಿ ಗಂಡುಮಗು ಎಂದೇ ಹೆಸರಿಡಿಸಿಕೊಂಡು ಬೆಳೆದ ಈ ಕಲಾವಿದೆಗೆ ಜೋಗತಿ ದೀಕ್ಷೆಯಾದದ್ದು ಇದೇ ತುಂಗಭದ್ರೆಯ ದಂಡೆಯ ಹುಲಗಿಯಲ್ಲಿ, ಹುಲಿಗೆಮ್ಮನ ಸನ್ನಿಧಿಯಲ್ಲಿ, 1975ರಲ್ಲಿ. ಮುತ್ತು ಕಟ್ಟಿಸಿಕೊಂಡು ಹೊರಬಂದವರು ಊರಿಗೆಲ್ಲ ಮಂಜಮ್ಮನೇ ಆದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠದಲ್ಲಿ ಕೂತಾಗಲೂ, 2021ರ ನವೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಪದಕ ಪಡೆಯಲು ನಡೆದುಹೋದಾಗಲೂ ಕರೆದದ್ದು ಅದೇ ಹೆಸರಿನಿಂದ.

ಹುಲಗಿಯಲ್ಲಿ ಹೆಸರು ಸಿಕ್ಕಿತು, ಓದು ಸಿಗಲಿಲ್ಲ. ಆ ತಲೆಮಾರಿನ ಜೋಗಪ್ಪ, ಜೋಗತಿಯರಲ್ಲಿ ಹೆಚ್ಚಿನವರ ಶಾಲೆ ಹತ್ತನೇ ತರಗತಿಯ ಆಚೀಚೆಯೇ ಮುಗಿದುಹೋಗಿದೆ. ಚೌಡಿಕೆ, ಜೋಗತಿ ನೃತ್ಯ, ಪಡಲಗಿ ಹೊತ್ತು ಮನೆಮನೆ ತಿರುಗುವುದು ಇಷ್ಟೇ ಅವರ ಮುಂದೆ ಉಳಿದ ದಾರಿ. ಮನೆ ಬಿಟ್ಟರೆ ಹೆಸರು, ಹೆಸರು ಬಿಟ್ಟರೆ ಮನೆ ಮತ್ತು ಶಾಲೆ ಎಂಬ ಕಠಿಣ ಲೆಕ್ಕ ಅದು. ಈಗ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಿಗೆ ಬರುವ ಟ್ರಾನ್ಸ್‌ಜೆಂಡರ್ ಹುಡುಗ ಹುಡುಗಿಯರು ಆ ಲೆಕ್ಕವನ್ನು ಒಪ್ಪಬೇಕಾಗಿಲ್ಲ. ಹೆಸರೂ ಬೇಕು, ಡಿಗ್ರಿಯೂ ಬೇಕು ಎಂದು ಕೇಳುವ ಹಕ್ಕು ಅವರಿಗಿದೆ. ಆ ಹಕ್ಕು ಕಾಗದದ ಮೇಲೆ ಹೇಗೆ ಬಂತು, ಕಾಲೇಜಿನ ಕಚೇರಿಯ ಕಿಟಕಿಯ ಬಳಿ ಎಲ್ಲಿ ನಿಂತುಹೋಗುತ್ತದೆ, ಅದನ್ನು ಮುಂದೆ ಸಾಗಿಸುವುದು ಯಾರ ಕೆಲಸ ಎಂಬುದೇ ಈ ಉಪನ್ಯಾಸದ ವಿಷಯ.

2011ರ ಜನಗಣತಿಯಲ್ಲಿ ಗಂಡು ಅಥವಾ ಹೆಣ್ಣು ಎಂದು ಬರೆಸದೆ ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ. ಗಣತಿಯವರು ಮನೆ ಬಾಗಿಲಿಗೆ ಬಂದಾಗ ತಂದೆತಾಯಿ ಬರೆಸಿದ್ದೇ ದಾಖಲೆಯಾಗುವುದರಿಂದ, ಮನೆಯಲ್ಲೇ ಇದ್ದು ಓದುವ ಮಕ್ಕಳು ಈ ಸಂಖ್ಯೆಯೊಳಗೆ ಸೇರಿರುವುದು ಕಷ್ಟ. ಕಾಲೇಜಿನ ತರಗತಿಗಳಲ್ಲಿ ಅವರು ಇದ್ದಾರೆ. ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ.

ಬೆಳಗಿನ ಮೊದಲ ಪೀರಿಯಡ್. ಮೇಷ್ಟ್ರು ಹಾಜರಿ ಕರೆಯುತ್ತಾರೆ. ಕೂದಲು ಬಿಟ್ಟು, ಕಿವಿಗೆ ಸಣ್ಣ ಓಲೆ ಹಾಕಿ, ಹಿಂದಿನ ಬೆಂಚಿನಲ್ಲಿ ಕೂತಿರುವ ವಿದ್ಯಾರ್ಥಿಯ ಸರದಿ ಬರುತ್ತದೆ. ಗಂಡು ಹೆಸರು. ತರಗತಿಯ ಕತ್ತುಗಳು ತಿರುಗುತ್ತವೆ. ‘ಎಸ್ ಸರ್’ ಎಂದರೆ ನಗು, ಸುಮ್ಮನಿದ್ದರೆ ಗೈರುಹಾಜರಿ. ಒಂದು ದಿನಕ್ಕೆ ಐದು ಪೀರಿಯಡ್ ಇದ್ದರೆ ಐದು ಸಲ ಇದೇ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು ಎಂಬ ನಿಯಮ ಇರುವ ಕಡೆ, ಕರೆಯುವ ಹೆಸರಿಗೆ ಓಗೊಡಲಾರದೆ ತರಗತಿ ತಪ್ಪಿಸಿದವರು ವರ್ಷವನ್ನೇ ಕಳೆದುಕೊಳ್ಳುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಹಾಲ್ ಟಿಕೆಟ್ ಎತ್ತಿ ಹಿಡಿದು ಫೋಟೊ ನೋಡಿ, ಮುಖ ನೋಡಿ, ನಾಮಿನಲ್ ರೋಲ್ ನೋಡಿ, ಮತ್ತೆ ಮುಖ ನೋಡುತ್ತಾರೆ. ಉತ್ತರ ಬರೆಯಬೇಕಾದ ಹತ್ತು ನಿಮಿಷ ತಾನು ಯಾರೆಂದು ವಿವರಿಸುವುದರಲ್ಲಿ ಹೋಗುತ್ತದೆ. ಸಂಜೆ ಬಸ್ಸಿನಲ್ಲೂ ಇದೇ ಕಥೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಕೊಟ್ಟಿದೆ. ಕಂಡಕ್ಟರ್ ಕೈಗೆ ಕೊಡುವ ಗುರುತಿನ ಚೀಟಿಯ ಹೆಸರು, ಲಿಂಗ, ಫೋಟೊ ಮೂರೂ ಹಳೆಯವಾಗಿದ್ದರೆ ಆ ಸೌಲಭ್ಯ ಕೇಳುವುದಕ್ಕೇ ಬಾಯಿ ಬರುವುದಿಲ್ಲ.

ಈ ತೊಡಕು ಓದು ಮುಗಿದ ಮೇಲೂ ಬಿಡುವುದಿಲ್ಲ. ನೆರೆಯ ತಮಿಳುನಾಡಿನ ಟ್ರಾನ್ಸ್ ಮಹಿಳೆ ಕೆ. ಪ್ರೀತಿಕಾ ಯಾಶಿನಿ ಸೇಲಂ ಕಡೆಯವರು, ಪದವೀಧರೆ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಿದಾಗ ಅರ್ಜಿಯ ಹೆಸರಿಗೂ ಮೂಲ ಪ್ರಮಾಣಪತ್ರಗಳ ಹೆಸರಿಗೂ ತಾಳೆಯಾಗುವುದಿಲ್ಲ ಎಂದು ಅದು ತಿರಸ್ಕೃತವಾಯಿತು. ಅವರು ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದರು, 2015ರಲ್ಲಿ ಗೆದ್ದರು, 2017ರಲ್ಲಿ ಧರ್ಮಪುರಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆದರು. ಓಟ, ಲಿಖಿತ ಪರೀಕ್ಷೆ, ಸಂದರ್ಶನ ಇವೆಲ್ಲ ಆಮೇಲಿನ ಮಾತು. ಅವರಿಗೆ ಮೊದಲು ಅಡ್ಡ ಬಂದದ್ದು ಹೆಸರು.

ಕಾನೂನು ಈ ವಿಚಾರದಲ್ಲಿ ಹಿಂದೆ ಉಳಿದಿಲ್ಲ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ಸುಪ್ರೀಂ ಕೋರ್ಟ್ ಪೀಠ, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಾ ಎನ್ನುವುದು ಕಾನೂನುಬಾಹಿರ ಎಂದೂ ಹೇಳಿತು. ಐದು ವರ್ಷದ ಬಳಿಕ ಸಂಸತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆ, 2019 ಮಾಡಿತು. ಅದು 2020ರ ಜನವರಿ 10ರಿಂದ ಜಾರಿಗೆ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಯಮಗಳು ಬಂದವು. ನವೆಂಬರ್ 25ರಂದು ಅರ್ಜಿ ಹಾಕುವ ರಾಷ್ಟ್ರೀಯ ಪೋರ್ಟಲ್ ತೆರೆಯಿತು. ಅದನ್ನು ಉದ್ಘಾಟಿಸಿದ ಅಂದಿನ ಕೇಂದ್ರ ಸಚಿವ ಥಾವರ್‌ಚಂದ್ ಗೆಹ್ಲೋಟ್ ಮರುವರ್ಷ ಕರ್ನಾಟಕದ ರಾಜ್ಯಪಾಲರಾಗಿ ಬಂದರು.

2025ರಲ್ಲಿ ಜಾರಿಯಲ್ಲಿದ್ದಂತೆ ಕಾಯ್ದೆ ತೋರಿಸಿದ ದಾರಿ ಸರಳವಾಗಿತ್ತು. 18 ತುಂಬಿದವರು ತಾವೇ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದಿತ್ತು. ಪಿಯುಸಿ ಓದುವ ಹದಿನಾರು ಹದಿನೇಳರವರಾದರೆ ತಂದೆತಾಯಿ ಅಥವಾ ಪೋಷಕರು ಹಾಕಬೇಕಿತ್ತು. ಅರ್ಜಿಯ ಜೊತೆಗೆ ಒಂದು ಅಫಿಡವಿಟ್. ವೈದ್ಯಕೀಯ ತಪಾಸಣೆ ಇರಲಿಲ್ಲ, ದೇಹ ಪರೀಕ್ಷೆ ಇರಲಿಲ್ಲ. 30 ದಿನಗಳೊಳಗೆ ಜಿಲ್ಲಾಧಿಕಾರಿ ಗುರುತಿನ ಪ್ರಮಾಣಪತ್ರ ಕೊಡಬೇಕಿತ್ತು. ತಿರಸ್ಕರಿಸಿದರೆ ಕಾರಣ ತಿಳಿಸಬೇಕು, ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಶಸ್ತ್ರಚಿಕಿತ್ಸೆಯ ನಂತರ ಗಂಡು ಅಥವಾ ಹೆಣ್ಣು ಎಂದು ನಮೂದಿಸಿದ ಪರಿಷ್ಕೃತ ಪ್ರಮಾಣಪತ್ರ ಬೇಕೆನ್ನುವವರಿಗೆ 7ನೇ ಕಲಂನಲ್ಲಿ ಬೇರೆ ವ್ಯವಸ್ಥೆ ಇದೆ. ಅದಕ್ಕೆ ವೈದ್ಯಾಧಿಕಾರಿಯ ಪತ್ರ ಬೇಕು.

ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಅದೇ ಕಲಂನ ಮೂರನೇ ಉಪಕಲಂ. ಈ ಎರಡರಲ್ಲಿ ಯಾವ ಪ್ರಮಾಣಪತ್ರ ಇದ್ದರೂ ಸರಿ, ಜನನ ಪ್ರಮಾಣಪತ್ರದಲ್ಲೂ ಗುರುತಿಗೆ ಸಂಬಂಧಿಸಿದ ಉಳಿದೆಲ್ಲ ಅಧಿಕೃತ ದಾಖಲೆಗಳಲ್ಲೂ ಮೊದಲ ಹೆಸರು ಬದಲಿಸಿಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಅಡ್ಡಹೆಸರು ಹಾಗೇ ಇರುತ್ತದೆ. ಹೆಸರಿಗಾಗಿ ಆಸ್ಪತ್ರೆಗೆ ಹೋಗಬೇಕಾಗಿರಲಿಲ್ಲ. ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದಾಖಲೆಗಳ ಪಟ್ಟಿಯನ್ನೇ ಕೊಟ್ಟಿವೆ. ಎಸ್ಸೆಸ್ಸೆಲ್ಸಿ, ಹನ್ನೆರಡನೇ ತರಗತಿ, ಪದವಿ, ಸ್ನಾತಕೋತ್ತರ ಪದವಿ, ಜಾತಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್ ಎಲ್ಲ ಅದರಲ್ಲಿವೆ. ದಾಖಲೆ ಕೊಟ್ಟ ಪ್ರಾಧಿಕಾರ ಅರ್ಜಿ ಬಂದ 15 ದಿನಗಳೊಳಗೆ ಹೆಸರು, ಲಿಂಗ, ಫೋಟೊ ಬದಲಿಸಿಕೊಡಬೇಕು. ಹೊಸ ದಾಖಲೆಗೆ ಹಳೆಯ ಕ್ರಮಸಂಖ್ಯೆಯೇ ಇರಬೇಕು. ಹೆಸರು ಬದಲಾಯಿಸಿ ಮೋಸ ಮಾಡಿದರೆ ಏನು ಗತಿ ಎಂದು ಆತಂಕಪಡುವ ಕಚೇರಿಗಳಿಗೆ ಆ ಕ್ರಮಸಂಖ್ಯೆಯಲ್ಲೇ ಉತ್ತರವಿದೆ. ನೋಂದಣಿ ಸಂಖ್ಯೆ ಬದಲಾಗದಿದ್ದ ಮೇಲೆ ಅಂಕಗಳು, ಇಸವಿ, ವ್ಯಕ್ತಿ ಯಾವುದೂ ತಪ್ಪಿಹೋಗುವುದಿಲ್ಲ.

ಇಷ್ಟೆಲ್ಲ ಇದ್ದೂ ಕೆಲಸ ಕೆಡುವುದು ಎಲ್ಲಿ?

ಗಡ್ಡೆಯ ಕಡೆಯಿಂದ ಗಂಗಾವತಿಗೆ ಬಸ್ಸಿನಲ್ಲಿ ಹೋಗಿ ಬಿ.ಎ. ಓದುವ ವಿದ್ಯಾರ್ಥಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಅವರ ಫೈಲಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿ.ಸಿ., ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇರುತ್ತವೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇನ್ನೊಂದು ಮುಖ್ಯ ಕಾಗದವಿದೆ. 371(ಜೆ) ವಿಧಿಯಡಿ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಅದು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳು, ಮುಂದೆ ನೌಕರಿಯ ಮೀಸಲಾತಿ ಎಲ್ಲವೂ ಅದರ ಮೇಲೆ ನಿಂತಿವೆ. ಆ ಪ್ರಮಾಣಪತ್ರ ನಿಂತಿರುವುದು ಶಾಲೆಯ ಸ್ಟಡಿ ಸರ್ಟಿಫಿಕೇಟುಗಳ ಮೇಲೆ. ಅವು ನಿಂತಿರುವುದು ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದ ಮೇಲೆ. ಆರು ವರ್ಷದ ಮಗುವಾಗಿದ್ದಾಗ ಯಾರೋ ಬರೆದ ಒಂದು ಸಾಲು ಹೀಗೆ ಕಾಲೇಜಿನವರೆಗೆ ನಡೆದುಬಂದಿರುತ್ತದೆ.

ಇವುಗಳಲ್ಲಿ ಒಂದನ್ನು ಬದಲಿಸಲು ಹೊರಟರೆ ಪ್ರತಿ ಕಚೇರಿಯೂ ಇನ್ನೊಂದನ್ನು ಕೇಳುತ್ತದೆ. ಕಾಲೇಜು ಹೇಳುವುದು, ವಿಶ್ವವಿದ್ಯಾಲಯದಲ್ಲಿ ಮೊದಲು ಬದಲಾಗಲಿ ಎಂದು. ವಿಶ್ವವಿದ್ಯಾಲಯ ಪಿಯುಸಿ ಅಂಕಪಟ್ಟಿ ಕೇಳುತ್ತದೆ. ಪಿಯುಸಿಗೆ ಎಸ್ಸೆಸ್ಸೆಲ್ಸಿ ಆಧಾರ. ಎಸ್ಸೆಸ್ಸೆಲ್ಸಿಗೆ ಶಾಲೆಯ ದಾಖಲಾತಿ ಪುಸ್ತಕ ಆಧಾರ. ಅಲ್ಲಿ ಸಿಗುವ ಮಾತು, ಜನನ ಪ್ರಮಾಣಪತ್ರ ತಿದ್ದಿಸಿ ತನ್ನಿ ಅಥವಾ ಸಿವಿಲ್ ಕೋರ್ಟಿನ ಡಿಕ್ರಿ ತನ್ನಿ ಎಂದು. ಜನನ ಪ್ರಮಾಣಪತ್ರದ ನೋಂದಣಾಧಿಕಾರಿ 1969ರ ಜನನ ಮರಣ ನೋಂದಣಿ ಕಾಯ್ದೆ ತೋರಿಸಿ, ತಪ್ಪಿದ್ದರೆ ಮಾತ್ರ ತಿದ್ದಬಹುದು, ಹುಟ್ಟಿದಾಗ ಬರೆದದ್ದು ತಪ್ಪಲ್ಲ ಎನ್ನುತ್ತಾರೆ. ಗಾಣದ ಎತ್ತಿನ ಹಾಗೆ ಸುತ್ತು ಮುಗಿದಾಗ ವಿದ್ಯಾರ್ಥಿ ಹೊರಟಲ್ಲಿಗೇ ಬಂದು ನಿಂತಿರುತ್ತಾರೆ. ಅಷ್ಟರಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಾಗಿರುತ್ತದೆ, ಹಳೆಯ ಹೆಸರಿನಲ್ಲೇ ಅರ್ಜಿ ತುಂಬುತ್ತಾರೆ, ಆ ಸೆಮಿಸ್ಟರಿನ ಅಂಕಪಟ್ಟಿಯೂ ಹಳೆಯ ಹೆಸರಿನಲ್ಲೇ ಬರುತ್ತದೆ. ತಿದ್ದಿಸಬೇಕಾದ ಕಾಗದಗಳ ಸಾಲಿಗೆ ಅದೂ ಒಂದು ಸೇರಿಕೊಳ್ಳುತ್ತದೆ.

ಈ ಸುತ್ತನ್ನು ಕತ್ತರಿಸಿದವರು ನ್ಯಾಯಾಲಯದ ಮೊರೆ ಹೋದ ಕೆಲವರು. ಶೈಕ್ಷಣಿಕ ದಾಖಲೆಗಳಲ್ಲಿ ಹೆಸರು ಮತ್ತು ಲಿಂಗ ಬದಲಿಸಿಕೊಡುವಂತೆ ಕರ್ನಾಟಕ ಹೈಕೋರ್ಟ್ 2020ರಲ್ಲೇ ಆದೇಶಿಸಿದ ನಿದರ್ಶನವಿದೆ. ಕಳೆದ ವರ್ಷದ ಡಿಸೆಂಬರ್ 20ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕೊಟ್ಟ ತೀರ್ಪು ಜನನ ಪ್ರಮಾಣಪತ್ರದ ಗಂಟನ್ನೇ ಬಿಡಿಸಲು ಹೊರಟಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೇರೆ ದಾಖಲೆಗಳಲ್ಲಿ ಹೆಸರು ಬದಲಿಸಿಕೊಂಡಿದ್ದ ಅರ್ಜಿದಾರರಿಗೆ ನೋಂದಣಾಧಿಕಾರಿ ಜನನ ಪ್ರಮಾಣಪತ್ರ ತಿದ್ದಿಕೊಡಲು ಒಪ್ಪಿರಲಿಲ್ಲ. 2019ರ ಕಾಯ್ದೆ ವಿಶೇಷ ಕಾನೂನು, ಅದನ್ನು ಜಾರಿ ಮಾಡಲೇಬೇಕು ಎಂದಿತು ನ್ಯಾಯಾಲಯ. 1969ರ ಕಾಯ್ದೆ ಮತ್ತು ನಿಯಮಗಳಿಗೆ ತಕ್ಕ ತಿದ್ದುಪಡಿ ಆಗುವವರೆಗೆ ಹಿಂದಿನ ಹೆಸರು, ಲಿಂಗದ ಜೊತೆಗೆ ಹೊಸ ಹೆಸರು, ಲಿಂಗವನ್ನೂ ನಮೂದಿಸಿದ ಪ್ರಮಾಣಪತ್ರ ಕೊಡುವಂತೆ ಸೂಚಿಸಿತು. ತಿದ್ದುಪಡಿಯ ಬಗ್ಗೆ ಅಧ್ಯಯನ ನಡೆಸಲು ರಾಜ್ಯದ ಕಾನೂನು ಆಯೋಗವನ್ನು ಕೋರಿತು.

ಈ ತೀರ್ಪು ದೊಡ್ಡ ಹೆಜ್ಜೆ. ಆದರೂ ಎರಡು ಹೆಸರು ಒಂದೇ ಹಾಳೆಯಲ್ಲಿರುವ ಕಾಗದವನ್ನು ಹತ್ತೊಂಬತ್ತರ ವಿದ್ಯಾರ್ಥಿ ಹಾಸ್ಟೆಲ್ಲಿಗೆ, ಇಂಟರ್ನ್‌ಶಿಪ್ಪಿಗೆ, ಬಾಡಿಗೆ ಮನೆಗೆ ಕೊಡಬೇಕಾದಾಗ ಅದು ಅವರ ಬದುಕಿನ ಅತಿ ಖಾಸಗಿ ವಿಷಯವನ್ನು ಅಪರಿಚಿತರ ಮುಂದೆ ಇಡುತ್ತದೆ. ನ್ಯಾಯಾಲಯವೇ ಇದನ್ನು ತಾತ್ಕಾಲಿಕ ವ್ಯವಸ್ಥೆ ಎಂದು ಕಂಡಿರುವುದರಿಂದ, ಶಾಶ್ವತ ತಿದ್ದುಪಡಿ ಬೇಗ ಬರಬೇಕೆಂದು ಒತ್ತಾಯಿಸುವುದು ವಿದ್ಯಾರ್ಥಿಗಳ ಕೆಲಸವಷ್ಟೇ ಅಲ್ಲ, ಅವರಿಗೆ ಪಾಠ ಹೇಳುವವರ ಕೆಲಸವೂ ಹೌದು.

‘ಮೊದಲು ಆ ಕಾಗದ ತನ್ನಿ’ ಎಂಬ ವಾದಕ್ಕೆ ನೇರ ಉತ್ತರ ಈ ವರ್ಷ ಮಣಿಪುರದಿಂದ ಬಂದಿದೆ. ಡಾ. ಬಿಯಾನ್ಸಿ ಲೈಶ್ರಾಮ್ ಆ ರಾಜ್ಯದ ಮೊದಲ ಟ್ರಾನ್ಸ್ ವೈದ್ಯೆ. ಗುರುತಿನ ಪ್ರಮಾಣಪತ್ರ ಕೈಯಲ್ಲಿದ್ದರೂ ಅವರ ಎಂಬಿಬಿಎಸ್ ಸೇರಿದಂತೆ ಶೈಕ್ಷಣಿಕ ಪ್ರಮಾಣಪತ್ರಗಳಲ್ಲಿ ಹಳೆಯ ಹೆಸರೇ ಇತ್ತು. ಬದಲಾವಣೆ ಮೊದಲ ದಾಖಲೆಯಿಂದ ಶುರುವಾಗಿ ಕ್ರಮವಾಗಿ ಮೇಲೆ ಬರಬೇಕು ಎಂಬ ವಾದ ಅಲ್ಲಿಯೂ ಎದ್ದಿತು. ಮಣಿಪುರ ಹೈಕೋರ್ಟ್ ಅದನ್ನು ಒಪ್ಪದೆ, ಹೊಸ ಹೆಸರು ಮತ್ತು ಲಿಂಗ ನಮೂದಿಸಿದ ಪ್ರಮಾಣಪತ್ರಗಳನ್ನು ಕೊಡಲು ಆದೇಶಿಸಿತು. ಕಾಯ್ದೆ ಕೇಳುವುದು ಜಿಲ್ಲಾಧಿಕಾರಿ ಕೊಟ್ಟ ಒಂದು ಪ್ರಮಾಣಪತ್ರವನ್ನು ಮಾತ್ರ. ದಾಖಲೆಗಳ ನಡುವೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯನ್ನು ಅದು ಎಲ್ಲೂ ಹೇಳಿಲ್ಲ. ಸರದಿ ಕಚೇರಿಗಳು ಕಟ್ಟಿಕೊಂಡದ್ದು.

ಕಾಗದದ ಬಲ ಏನೆಂದು ವಿರೂಪಾಪುರಗಡ್ಡೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಪ್ರದೇಶವನ್ನು ಸಂರಕ್ಷಿತವೆಂದು ಸಾರಿದ 1988ರ ಒಂದು ಅಧಿಸೂಚನೆಯ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಫೆಬ್ರುವರಿಯಲ್ಲಿ ತೀರ್ಪು ಬಂದು, ಮರುತಿಂಗಳು ಇಲ್ಲಿನ ರೆಸಾರ್ಟುಗಳು ನೆಲಸಮವಾದವು. ಮೂವತ್ತು ವರ್ಷ ಹಿಂದಿನ ಒಂದು ಹಾಳೆಗೆ ಅಷ್ಟು ಶಕ್ತಿ ಇದೆಯೆಂದ ಮೇಲೆ, ಜಿಲ್ಲಾಧಿಕಾರಿಯ ಸಹಿ ಇರುವ ಗುರುತಿನ ಪ್ರಮಾಣಪತ್ರಕ್ಕೂ ಕಾಲೇಜಿನ ಕಿಟಕಿಯಲ್ಲಿ ಬೆಲೆ ಸಿಗಬೇಕು.

ವಿದ್ಯಾರ್ಥಿಗಳ ಕೈಯಲ್ಲಿರುವ ಕೆಲವು ಎಚ್ಚರಗಳನ್ನೂ ಹೇಳಬೇಕು. ಅಫಿಡವಿಟ್ ಬರೆಸುವ ಮೊದಲೇ ಹೊಸ ಹೆಸರಿನ ಇಂಗ್ಲಿಷ್ ಕಾಗುಣಿತ, ಇನಿಷಿಯಲ್ ಮುಂದೋ ಹಿಂದೋ ಎಂಬುದು ತೀರ್ಮಾನವಾಗಿರಲಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಲಿಂಗ ಬದಲಿಸಲು ಒಂದೇ. ವಿದ್ಯಾರ್ಥಿವೇತನದ ಪೋರ್ಟಲ್ ಆಧಾರಿನ ಹೆಸರನ್ನೂ ಅಂಕಪಟ್ಟಿಯ ಹೆಸರನ್ನೂ ತಾಳೆ ನೋಡುತ್ತದೆ. ಒಂದು ‘ಎಚ್’ ಅಕ್ಷರ ಹೆಚ್ಚಾದರೂ ಹಣ ನಿಂತುಹೋಗಬಹುದು. ಹಾಗಾಗಿ ಆಧಾರ್ ಬದಲಿಸಿದ ಕೂಡಲೇ ಬ್ಯಾಂಕು, ಕಾಲೇಜು, ವಿದ್ಯಾರ್ಥಿವೇತನ ಮೂರಕ್ಕೂ ಒಟ್ಟಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಸ್ವೀಕೃತಿಯ ಮೇಲೆ ದಿನಾಂಕ ಇರಬೇಕು, 15 ದಿನಗಳ ಲೆಕ್ಕ ಶುರುವಾಗುವುದು ಅಲ್ಲಿಂದ. ಗುರುತಿನ ಪ್ರಮಾಣಪತ್ರದಿಂದ ಇನ್ನೊಂದು ಪ್ರಯೋಜನವೂ ಇದೆ. ಕೇಂದ್ರದ ಸ್ಮೈಲ್ ಯೋಜನೆಯಲ್ಲಿ ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗಿನ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 13,500 ರೂಪಾಯಿ ವಿದ್ಯಾರ್ಥಿವೇತನ ಉಂಟು. ಓದು ಮುಗಿದ ಮೇಲೂ ಅದು ಕೆಲಸಕ್ಕೆ ಬರುತ್ತದೆ. 2021ರ ಜುಲೈಯಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇ. 1 ಸಮತಲ ಮೀಸಲಾತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ.

ಅರ್ಜಿ ಹಾಕಲು ಇನ್ನೂ ಧೈರ್ಯ ಬಾರದ, ಮನೆಯಲ್ಲಿ ಹೇಳಿಕೊಳ್ಳಲಾಗದ ವಿದ್ಯಾರ್ಥಿಗಳ ಸಂಖ್ಯೆಯೇ ಹೆಚ್ಚು. ಪ್ರಮಾಣಪತ್ರ ಬರುವವರೆಗೆ ಅವರನ್ನು ಯಾವ ಹೆಸರಿನಿಂದ ಕರೆಯಬೇಕು? ಇದಕ್ಕೆ ಅರ್ಜೆಂಟೀನಾ 2012ರಲ್ಲೇ ಉತ್ತರ ಕಂಡುಕೊಂಡಿತು. ಅಲ್ಲಿನ ಲಿಂಗತ್ವ ಗುರುತಿನ ಕಾನೂನು ನ್ಯಾಯಾಧೀಶರೂ ವೈದ್ಯರೂ ಇಲ್ಲದೆ ನೋಂದಣಿ ಕಚೇರಿಯಲ್ಲೇ ಹೆಸರು ಬದಲಿಸಿಕೊಡುತ್ತದೆ. ಅದರ 12ನೇ ವಿಧಿಯ ಪ್ರಕಾರ ಗುರುತಿನ ಚೀಟಿ ಇನ್ನೂ ಬದಲಾಗದಿದ್ದರೂ, ವ್ಯಕ್ತಿ ಕೇಳಿಕೊಂಡರೆ ಸಾಕು, ಸಾರ್ವಜನಿಕವಾಗಿ ಕರೆಯುವಾಗ ಅವರು ಆರಿಸಿಕೊಂಡ ಹೆಸರಿನಿಂದಲೇ ಕರೆಯಬೇಕು. ದಾಖಲೆಗೆ ಹಳೆಯ ಹೆಸರಿನ ಮೊದಲಕ್ಷರ, ಕುಲನಾಮ, ಜನ್ಮದಿನಾಂಕ ಮತ್ತು ಗುರುತಿನ ಸಂಖ್ಯೆ ಬಳಸಿಕೊಳ್ಳಬಹುದು. ಹತ್ತಿರದ ಕೇರಳ ಬೇರೊಂದು ಬಗೆಯಲ್ಲಿ ಬಾಗಿಲು ತೆರೆಯಿತು. 2018ರಲ್ಲಿ ವಿಶ್ವವಿದ್ಯಾಲಯಗಳಲ್ಲೂ ಕಲಾ, ವಿಜ್ಞಾನ ಕಾಲೇಜುಗಳಲ್ಲೂ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆಂದು ಎರಡು ಹೆಚ್ಚುವರಿ ಸೀಟುಗಳನ್ನು ಮಂಜೂರು ಮಾಡಿತು. ಕಾಸರಗೋಡಿನ ಕನ್ನಡ ಮಕ್ಕಳಿಗೂ ಅದು ದಕ್ಕುವ ಅವಕಾಶ.

ಹಾಜರಿ ಪುಸ್ತಕ ನ್ಯಾಯಾಲಯದ ದಾಖಲೆಯಲ್ಲ, ತರಗತಿಯ ದಾಖಲೆ. ರಿಜಿಸ್ಟರ್ ನಂಬರಿನ ಮುಂದೆ ವಿದ್ಯಾರ್ಥಿ ಹೇಳಿದ ಹೆಸರು ಬರೆದುಕೊಂಡು ಕರೆಯಲು, ಅಥವಾ ಬರೀ ನಂಬರ್ ಕರೆಯಲು, ಉಪನ್ಯಾಸಕರಿಗೆ ಯಾವ ಸುತ್ತೋಲೆಯೂ ಬೇಕಾಗಿಲ್ಲ. ಕಾಲೇಜಿನ ಗುರುತಿನ ಚೀಟಿ, ಗ್ರಂಥಾಲಯದ ಕಾರ್ಡು, ತರಗತಿಯ ವಾಟ್ಸ್ಆ್ಯಪ್ ಗುಂಪು ಇವು ಪ್ರಾಂಶುಪಾಲರ ವಿವೇಚನೆಗೆ ಸೇರಿದವು. ಜಿಲ್ಲಾಧಿಕಾರಿಯ ಪ್ರಮಾಣಪತ್ರ ಬಂದ ದಿನ ಕಚೇರಿಯ ಗುಮಾಸ್ತರು ಅಡ್ಮಿಷನ್ ರಿಜಿಸ್ಟರಿನಲ್ಲಿ ಹಳೆಯ ಹೆಸರಿಗೆ ಕೆಂಪು ಶಾಯಿಯ ಒಂದು ಗೆರೆ ಎಳೆದು, ಮೇಲೆ ಹೊಸ ಹೆಸರು ಬರೆದು, ಪ್ರಮಾಣಪತ್ರದ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, ಪ್ರಾಂಶುಪಾಲರ ಸಹಿ ಪಡೆದರೆ ಅರ್ಧ ಗಂಟೆಯ ಕೆಲಸ.

ಕಳೆದ ತಿಂಗಳು, ಅಕ್ಟೋಬರ್ 17ರಂದು, ಜೇನ್ ಕೌಶಿಕ್ ಎಂಬ ಟ್ರಾನ್ಸ್ ಶಿಕ್ಷಕಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಸುಪ್ರೀಂ ಕೋರ್ಟ್ ಪೀಠ, 2019ರ ಕಾಯ್ದೆ ಕಾಗದದಲ್ಲೇ ಉಳಿದಿರುವುದಕ್ಕೆ ಸರ್ಕಾರಗಳನ್ನು ಹೊಣೆ ಮಾಡಿತು. ಸಮಾನ ಅವಕಾಶ ನೀತಿ ರೂಪಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಕರ್ನಾಟಕದ ಟ್ರಾನ್ಸ್ ಹಕ್ಕುಗಳ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅದರ ಸದಸ್ಯರಲ್ಲಿ ಒಬ್ಬರು. ಪ್ರತಿ ಸಂಸ್ಥೆಯಲ್ಲೂ ದೂರು ಸ್ವೀಕರಿಸುವ ಅಧಿಕಾರಿ ಇರಬೇಕು ಎಂದು ಕಾಯ್ದೆಯ 11ನೇ ಕಲಂ ಮೊದಲಿನಿಂದಲೂ ಹೇಳುತ್ತಿದೆ. ಸಂಸ್ಥೆ ಎಂದರೆ ಕಾಲೇಜೂ ಸೇರಿತು.

ಕೊಪ್ಪಳ ಜಿಲ್ಲೆ ಈಗ ಸ್ವಂತ ವಿಶ್ವವಿದ್ಯಾಲಯ ಇರುವ ಜಿಲ್ಲೆ. ಬರುವ ಜೂನಿನ ಪ್ರವೇಶದ ಹೊತ್ತಿಗೆ ಇಲ್ಲಿ ಮೂರು ಕೆಲಸ ಆಗಬಹುದು. ಪ್ರವೇಶ ಅರ್ಜಿಯಲ್ಲಿ ‘ಕರೆಯಬೇಕಾದ ಹೆಸರು’ ಎಂಬ ಒಂದು ಅಂಕಣ ಸೇರಬಹುದು. ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ದೂರು ಅಧಿಕಾರಿಯ ಹೆಸರು ಮತ್ತು ಫೋನ್ ನಂಬರ್ ಅಂಟಿಸಬಹುದು. ಗುರುತಿನ ಪ್ರಮಾಣಪತ್ರ ತಂದ ವಿದ್ಯಾರ್ಥಿಯಿಂದ ಒಂದೇ ಅರ್ಜಿ ಪಡೆದು, ಪರೀಕ್ಷಾ ಅರ್ಜಿ ತುಂಬುವ ಮೊದಲೇ ವಿಶ್ವವಿದ್ಯಾಲಯದ ದಾಖಲೆ ತಿದ್ದಿಸುವ, ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿ ಮಂಡಳಿಗೆ ಕಾಲೇಜಿನ ಮೂಲಕವೇ ಪತ್ರ ಬರೆಯುವ ಹೊಣೆಯನ್ನು ಕಚೇರಿ ಹೊರಬಹುದು. ಮೂರಕ್ಕೂ ಹೊಸ ಕಾನೂನು ಬೇಕಿಲ್ಲ, ಅನುದಾನ ಬೇಕಿಲ್ಲ. ಈ ಸಭೆಯಲ್ಲಿರುವ ಪ್ರಾಂಶುಪಾಲರು, ಉಪನ್ಯಾಸಕರು, ಕಚೇರಿ ಸಿಬ್ಬಂದಿ ಜೂನಿಗೂ ಕಾಯದೆ ನಾಳೆಯ ಹಾಜರಿಯಿಂದಲೇ ವಿದ್ಯಾರ್ಥಿ ಹೇಳಿದ ಹೆಸರಿನಿಂದ ಕರೆಯುವುದನ್ನು ಶುರು ಮಾಡಲಿ ಎಂಬುದು ಈ ಉಪನ್ಯಾಸದ ಕೋರಿಕೆ.